ಹಿಮಕ್ಕೆ ಬೇಕಾದ ಕಾವು

ಬೆನ್ನಿನ ಹನ್ನೊಂದು ತಿರುಪು ಬಿಚ್ಚಿ
ಮುಚ್ಚಳ ಎತ್ತಿದರೆ
ಒಳಗೆ ನಮ್ಮೂರೇ.
ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡ ನೀಲಿ ಜುಂಗು
ಜೀನ್ಸ್ ಹೊಲಿವ ಮಷೀನು ಉಗುಳಿದ್ದು.
ಅದರ ಮೇಲೆ ಕೆಂಪು ದೂಳು,
ತಾಡಪತ್ರಿ ಕಟ್ಟದೆ ಓಡಿದ ಅದಿರು ಲಾರಿಯದು.
ಎರಡೂ ಸೇರಿ ಕಂಬಳಿ ನೇಯ್ದಿವೆ
ಏಪ್ರಿಲ್ ತಿಂಗಳಲ್ಲಿ, ಬಳ್ಳಾರಿಯಲ್ಲಿ.
ಯಾರು ಕೇಳಿದ್ದರೋ ಕಂಬಳಿ.

ಕೌಲ್ ಬಜಾರಿನ ನನ್ನ ಅಂಗಡಿಗೆ
ತಂದವಳು ಹುಲಿಗೆಮ್ಮ.
ಹಗಲು ಹೊಲಿಗೆ ಯೂನಿಟ್ಟಿನಲ್ಲಿ ಲೆಕ್ಕ ಬರೆಯುತ್ತಾಳೆ:
ಎಷ್ಟು ಡಜನ್ ಹೋಯಿತು, ಯಾವ ಸೈಜು,
ಎಷ್ಟು ಗುಂಡಿ, ಎಷ್ಟು ಜಿಪ್ಪು.
ರಾತ್ರಿ ಅದೇ ಲ್ಯಾಪ್‌ಟಾಪಿನಲ್ಲಿ ಬಂದೂಕು ಹಿಡಿದು
ಹಿಮದ ಬೆಟ್ಟ ಹತ್ತುತ್ತಾಳೆ.
ಆಟದಲ್ಲಿ ಅವಳ ಹೆಸರು ಬರೀ ಹುಲಿ.

'ಕಾಲು ತಾಸಿಗೆ ಸರಿಯಾಗಿ ನಿಂತು ಬಿಡ್ತೈತಣ್ಣ.
ಬೆನ್ನ ಹಿಂದ ವೈರಿ ಇರ್ತಾನ, ಹಿಮ ಬೀಳ್ತಿರ್ತೈತಿ,
ಬೀಳೋ ಹಿಮ ಅಲ್ಲೇ ಗಾಳಿಯೊಳಗ ನಿಲ್ತೈತಿ.
ಮತ್ತ ಬೀಳಾಕ ಶುರುವಾಗೋದ್ರಾಗ
ನನ್ನ ಹೊಡದಿರ್ತಾರ.'

ಬಿಚ್ಚುವ ಮೊದಲು ಕಾವು ನೋಡಿದ್ದೆ.
ಸುಮ್ಮನಿದ್ದಾಗ ಅರವತ್ತೆರಡು,
ಲೆಕ್ಕದ ಹಾಳೆ ತೆರೆದರೆ ಎಪ್ಪತ್ತು,
ಆಟ ಹಚ್ಚಿದರೆ ಎಂಬತ್ತು, ತೊಂಬತ್ತು, ತೊಂಬತ್ತೇಳು.
ಅಲ್ಲಿಗೆ ಅದು
ಏರಿನಲ್ಲಿ ಲೋಡು ಲಾರಿ ಗೇರು ಇಳಿಸಿದಂತೆ
ಒಮ್ಮೆಲೇ ಮೆಲ್ಲಗಾಯಿತು.

'ಕೆಟ್ಟಿಲ್ಲಬೇ ಇದು, ಜೀವ ಉಳಿಸಿಕೊಳ್ತೈತಿ.
ನೂರರ ಹತ್ರ ಬಂತಂದ್ರ ತಾನ ಕೆಲಸ ಕಡಿಮಿ ಮಾಡ್ತೈತಿ.
ಮಾಡಿದವರು ಅದರ ಹಣೇಬರಹದಾಗ ಹಂಗ ಬರದಾರ.'

ಹುಲಿಗೆಮ್ಮ ನಕ್ಕಳು.
'ನಮ್ಮ ತಗಡಿನ ಶೆಡ್ಡಿನಾಗ
ಹನ್ನೆರಡು ಮಂದಿ ಇಸ್ತ್ರಿ ಹಿಡದು ನಿಂತಿರ್ತಾರ.
ಅವರಿಗೆ ಎಷ್ಟಕ್ಕ ಬರದಾರಂತ?'

ನಾನು ಬ್ರಷ್ಷು ಹುಡುಕಿದೆ.

ಜುಂಗು ಎಳೆದೆ; ಮಗುವಿನ ಅಂಗೈಯಷ್ಟು ಬಂತು.
ಚಿಪ್ಪಿನ ಮೇಲಿನ ಹಳೇ ಪೇಸ್ಟು
ಬಿರಿದು ಹಕ್ಕಳೆಯಾಗಿತ್ತು, ಕೆರೆದು ತೆಗೆದೆ.
ಎರಡು ಜೋಳದ ಕಾಳಿನಷ್ಟು ಹೊಸದು ಇಟ್ಟೆ.
ಅಷ್ಟರಲ್ಲಿ ಅವಳು ಅವ್ವನ ಸುದ್ದಿ ತೆಗೆದಳು:
ಹಂಚಿನ ಕಾವು ನೋಡುವ ಕೈಯಿಂದಲೇ
ಲ್ಯಾಪ್‌ಟಾಪಿನ ಹೊಟ್ಟೆ ಮುಟ್ಟಿ ಹೇಳುತ್ತಾಳಂತೆ
'ಆರಿಸಬ್ಯಾಡ ತಡಿ, ಇನ್ನೆರಡು ರೊಟ್ಟಿ ಬೇಯ್ತಾವ.'

'ಕೌದಿ ಮ್ಯಾಲ ಇಡಬ್ಯಾಡ,' ಅಂದೆ,
'ಅದರ ಮೂಗು ಹೊಟ್ಟಿಯಾಗೈತಿ.
ಹಿಂದ ಎರಡು ಸೋಡಾ ಮುಚ್ಚಳ ಕೊಡು, ಉಸಿರಾಡ್ಲಿ.'
'ಎಷ್ಟಕ್ಕ ಇಳೀಬೇಕು ಮತ್ತ?'
'ಡಬ್ಬಿಯೊಳಗಿನ ಪುಸ್ತಕ ಬ್ಯಾರೆ ಊರಿಂದು.
ಕೋಣಿ ಇಪ್ಪತ್ತೈದು ಅಂತ ಹಿಡದಿರ್ತಾರ.
ಇಲ್ಲಿ ಬೀಸೋ ಗಾಳೀನ ನಲವತ್ತೊಂದು.
ಆಟದಾಗ ಎಂಬತ್ತೈದು ಬಂದ್ರ
ಬಳ್ಳಾರಿಗೆ ಅದು ತಂಪು ಅಂತ ತಿಳಕೊ.'

ನಾನೂರು ಕೇಳಿದೆ. ಮುನ್ನೂರು ಕೊಟ್ಟು
ಉಳಿದದ್ದಕ್ಕೆ ಒಂದು ಪ್ಯಾಂಟು ತರುತ್ತೇನೆಂದಳು,
ಜಿಪ್ಪು ಸ್ವಲ್ಪ ಸೊಟ್ಟಗಿರುವುದು.

ಈಗ ರಾತ್ರಿ. ಮಾಳಿಗೆಗೆ ನಾಲ್ಕು ಕೊಡ ನೀರು ಸುರಿದು
ಚಾಪೆ ಹಾಸಿದ್ದೇನೆ.
ಎದುರಿಗೆ ಗುಡ್ಡ, ಒಂದೇ ಬಂಡೆ,
ಹಗಲೆಲ್ಲ ಕುಡಿದ ಬಿಸಿಲನ್ನು
ಮೆಲ್ಲಗೆ ನಮ್ಮ ಮುಖಕ್ಕೆ ಬಿಡುತ್ತಿದೆ.
ಅದಕ್ಕೆ ಫ್ಯಾನಿಲ್ಲ, ತಿರುಪಿಲ್ಲ,
ಎಲ್ಲಿಂದ ಬಿಚ್ಚಬೇಕು ಎಂದು
ಸುಮ್ಮನೆ ಮಲಗಿ ಯೋಚಿಸಿದೆ.

ಹನ್ನೆರಡೂವರೆಗೆ ಫೋನು ಮಿಣುಕಿತು.
ಹುಲಿ ಕಳಿಸಿದ ಫೋಟೋ.
ಮೂಲೆಯಲ್ಲಿ ಸಣ್ಣಗೆ ಎಂಬತ್ಮೂರು,
ಉಳಿದದ್ದೆಲ್ಲ ಬಿಳಿ.
ಕೆಳಗೆ ಒಂದೇ ಸಾಲು:
'ಹಿಮ ನಿಲ್ಲವಲ್ದಣ್ಣ.'

ಅಷ್ಟು ಹಿಮ ಬೀಳಿಸಲು ಎಷ್ಟು ಕಲ್ಲಿದ್ದಲೋ ಎಲ್ಲೋ.
ಮಗ್ಗುಲು ಬದಲಿಸಿದೆ.
ಚಾಪೆಯ ಆ ಕಡೆಯೂ ಬೆಚ್ಚಗೇ ಇತ್ತು.